ಎಂಎಸ್‌ಡಬ್ಲ್ಯೂ ಅಂದ್ರೆ ಬರೀ ಎಚ್‌ಆರ್ ಅಲ್ಲ: ವಡ್ಡು ಹುಡುಗನ ಮಾತು

(ನಮ್ಮ ಪಾಡ್‌ಕಾಸ್ಟ್‌ನಲ್ಲಿ ಪ್ರಸಾರವಾದ ಮಾತಿನ ಬರಹರೂಪ. ಓದುವುದಕ್ಕೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಬರದೆ ಮೊಬೈಲ್ ಹಿಡ್ಕೊಂಡಿರೋರಿಗೆ, ಡಿಗ್ರಿ ಮುಗೀತು, ಮುಂದೇನು ಅಂತ ಯೋಚನೆ ಮಾಡ್ತಿರೋರಿಗೆ, ಎಲ್ಲರಿಗೂ ಈ ಮಾತು.

ನಂದು ವಡ್ಡು. ಗೊತ್ತಿಲ್ಲದವರಿಗೆ ಹೇಳ್ತೀನಿ: ಸಂಡೂರು ತಾಲೂಕು, ತೋರಣಗಲ್ಲಿನ ಪಕ್ಕ. ರಾತ್ರಿ ನಮ್ಮ ಮನೆ ಮಾಳಿಗೆ ಮೇಲೆ ನಿಂತ್ರೆ ಉಕ್ಕಿನ ಕಾರ್ಖಾನೆಯ ದೀಪಗಳು ಕಾಣ್ತವೆ. ನಮ್ಮ ಓಣಿಯ ಅರ್ಧ ಗಂಡಸರ ದಿನಚರಿ ಶಿಫ್ಟ್ ಲೆಕ್ಕದಲ್ಲೇ ನಡೀತದೆ.

ನನಗೆ ಎಂಎಸ್‌ಡಬ್ಲ್ಯೂ ಸೀಟು ಸಿಕ್ಕ ದಿನ ಚಾದಂಗಡಿ ಹತ್ರ ಒಬ್ಬ ಕಾಕಾ ಸಿಕ್ಕಿದ್ರು. ವಿಷಯ ಹೇಳ್ದೆ. ಅವರಿಗೆ ಭಾಳ ಖುಷಿ ಆಯ್ತು. "ಚಲೋ ಆತು ಬಿಡೋ ತಮ್ಮಾ. ಎರಡು ವರ್ಷ ಆದಮ್ಯಾಲೆ ಪ್ಲಾಂಟಿನಾಗ ಎಚ್‌ಆರ್ ಆಕ್ಕೀಯಲ್ಲ, ಆವಾಗ ನನ್ನ ಮಗನ ಗೇಟ್ ಪಾಸಿನ ಕೆಲಸ ಒಂದು ನೋಡು" ಅಂದ್ರು.

ಅವರದ್ದೇನೂ ತಪ್ಪಿಲ್ಲ. ನಮ್ಮ ಕಡೆ ಎಂಎಸ್‌ಡಬ್ಲ್ಯೂ ಅಂದ್ರೆ ಎಚ್‌ಆರ್ ಅಂತಲೇ ಲೆಕ್ಕ. ಅದಕ್ಕೊಂದು ಕಾರಣನೂ ಇದೆ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಕಾರ್ಖಾನೆಯಲ್ಲಿ ಕ್ಷೇಮಾಧಿಕಾರಿ, ಅಂದ್ರೆ ವೆಲ್‌ಫೇರ್ ಆಫೀಸರ್, ಇರಲೇಬೇಕಿತ್ತು. ಆ ಹುದ್ದೆಗೆ ಸಮಾಜಕಾರ್ಯ ಓದಿದವರು ಹೋಗೋದು ರೂಢಿಯಾಯ್ತು. ಕಾರ್ಖಾನೆ ಇರೋ ಊರಲ್ಲಿ ಆ ದಾರಿನೇ ಎಲ್ಲರ ಕಣ್ಣಿಗೆ ಬೀಳ್ತದೆ.

ನಾನು ಆರಿಸಿಕೊಂಡಿದ್ದು ಇನ್ನೊಂದು ದಾರಿ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ. ಕಾಕಾಗೆ ಅದನ್ನ ಹೇಳಿದಾಗ ಅವರು ಗ್ಲಾಸು ಕೆಳಗಿಟ್ಟು ನನ್ನ ಮುಖ ನೋಡಿದ್ರು. "ಹುಚ್ಚಾಸ್ಪತ್ರಿಗೇನೋ?" ಅಂದ್ರು. ಇವತ್ತಿನ ಮಾತು ಆ ಪ್ರಶ್ನೆಗೆ ನಾನು ಅವತ್ತು ಕೊಡೋಕೆ ಆಗದೇ ಇದ್ದ ಉತ್ತರ. ಜೊತೆಗೆ, ಕಲಿಯೋವಾಗ ನಾನು ಮಾಡಿದ ಒಂದು ತಪ್ಪಿನ ಕಥೆನೂ ಇದೆ. ಅದನ್ನ ಕೊನೆಗೆ ಹೇಳ್ತೀನಿ.

ಡಾಕ್ಟರ್ ಇದ್ದಾರಲ್ಲ, ನೀವ್ಯಾಕೆ?

ಎಲ್ಲರೂ ಕೇಳೋ ಪ್ರಶ್ನೆ ಇದು. ಒಂದು ಉದಾಹರಣೆ ಕೊಡ್ತೀನಿ. ಇದು ಯಾರೋ ಒಬ್ಬರ ಕಥೆ ಅಲ್ಲ. ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದನ್ನ ಸೇರಿಸಿ ನಾನೇ ಕಟ್ಟಿದ್ದು. ಯಾಕೆ ಹಾಗೆ ಅನ್ನೋದು ಆಮೇಲೆ ಗೊತ್ತಾಗ್ತದೆ.

28 ವರ್ಷದ ಒಬ್ಬ ಹುಡುಗ ಅಂದ್ಕೊಳ್ಳಿ. ಗುತ್ತಿಗೆ ಕೆಲಸ. ಯಾರೋ ಬೈತಾ ಇದ್ದಾರೆ ಅಂತ ಕಿವೀಲಿ ಮಾತು ಕೇಳಿಸೋಕೆ ಶುರುವಾಗಿದೆ. ಮನೋವೈದ್ಯರು ನೋಡಿ ಕಾಯಿಲೆ ಗುರುತಿಸಿ ಮಾತ್ರೆ ಬರೆದ್ರು. ಮಾತ್ರೆ ಸರಿಯಾಗಿಯೇ ಇದೆ. ಎರಡು ವಾರಕ್ಕೆ ಸ್ವಲ್ಪ ಗುಣ ಕಂಡಿತು. ಒಂದು ತಿಂಗಳಿಗೆ ಮತ್ತೆ ಮೊದಲಿನ ಹಾಗೇ. ಯಾಕೆ?

ಮಾತ್ರೆ ತಗೊಂಡ್ರೆ ನಿದ್ದೆ ಬರ್ತದೆ. ವಾರ ವಾರ ಶಿಫ್ಟ್ ಬದಲಾಗ್ತದೆ. ರಾತ್ರಿ ಪಾಳಿ ಇದ್ದಾಗ "ರಾತ್ರಿ ಊಟ ಆದ್ಮೇಲೆ ಒಂದು" ಅನ್ನೋ ಮಾತ್ರೆಯನ್ನ ಅವನು ಯಾವಾಗ ತಗೋಬೇಕು? ಮಷಿನ್ ಹತ್ರ ತೂಕಡಿಸಿದ್ರೆ ಜೀವಕ್ಕೇ ಅಪಾಯ. ಸೂಪರ್‌ವೈಸರ್‌ಗೆ ಹೇಳಿದ್ರೆ ಕೆಲಸ ಹೋಗ್ತದೆ ಅನ್ನೋ ಭಯ. ಹಂಗಾಗಿ ಅವನೇ ಮಾತ್ರೆ ಬಿಟ್ಟ. ಇತ್ತ ಅವ್ವ ಯಾವುದೋ ದೇವರ ಹತ್ರ ಕರ್ಕೊಂಡು ಹೋಗಿದ್ದಾರೆ, ಹರಕೆ ಕಟ್ಟಿದ್ದಾರೆ. ಹೆಂಡತಿ ಹೆದರಿ ತವರಿಗೆ ಹೋಗಿದ್ದಾಳೆ. ಸಂಘದ ಸಾಲದ ಕಂತು ಎರಡು ತಿಂಗಳಿಂದ ಬಾಕಿ.

ಒಪಿಡಿಯಲ್ಲಿ ಹೊರಗೆ ಐವತ್ತು ಜನ ಕಾಯ್ತಾ ಇರೋವಾಗ ಡಾಕ್ಟರ್‌ಗೆ ಇದೆಲ್ಲ ಕೇಳೋಕೆ ಸಮಯ ಇರಲ್ಲ. ಕ್ಲಿನಿಕಲ್ ಸೋಷಿಯಲ್ ವರ್ಕರ್ ಕೆಲಸ ಅಲ್ಲಿಂದ ಶುರು. ಶಿಫ್ಟ್ ಚಾರ್ಟ್ ತರಿಸಿ ನೋಡೋದು. ಮಾತ್ರೆ ಸಮಯ ಬದಲಿಸಬಹುದಾ ಅಂತ ಡಾಕ್ಟರ್ ಜೊತೆ ಮಾತಾಡೋದು. ಆ ಹುಡುಗ ಒಪ್ಪಿದ್ರೆ ಮಾತ್ರ, ಅವನು ಒಪ್ಪಿದಷ್ಟನ್ನ ಮಾತ್ರ, ಕೆಲಸದ ಕಡೆ ತಿಳಿಸೋದು. ಹೆಂಡತಿ ಜೊತೆ ಕೂತು ಈ ಕಾಯಿಲೆ ಅಂದ್ರೆ ಏನು, ಏನಲ್ಲ ಅಂತ ಬಿಡಿಸಿ ಹೇಳೋದು. ದೇವರ ಹತ್ರ ಹೋಗಬೇಡಿ ಅಂತ ಅವ್ವನ ಜೊತೆ ಜಗಳಕ್ಕೆ ನಿಲ್ಲದೆ, "ಹೋಗ್ರಿ ಯವ್ವಾ, ಮಾತ್ರಿ ಡಬ್ಬಿನೂ ಸಂಗಾಟ ಒಯ್ರಿ" ಅನ್ನೋದು. ಕಾಯಿಲೆ ದೀರ್ಘವಾದ್ರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರೋ 21 ವಿಧದ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು ಅಂತ ತಿಳಿಸಿ, ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೆ ಸಹಾಯ ಮಾಡೋದು.

ಇದರಲ್ಲಿ ಯಾವುದೂ ಬರೀ ಒಳ್ಳೆ ಮನಸ್ಸಿಂದ ಆಗಲ್ಲ. ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು, ಯಾರ ಮುಂದೆ ಏನು ಹೇಳಬಾರದು ಅನ್ನೋದನ್ನ ಕಲೀಬೇಕು.

ಬಳ್ಳಾರಿ ಹೆಸರು ಪಠ್ಯಪುಸ್ತಕದಲ್ಲಿ

ಮೊದಲ ವರ್ಷ ಕ್ಲಾಸಲ್ಲಿ ನನಗೆ ಒಂದು ಆಶ್ಚರ್ಯ ಕಾದಿತ್ತು. ಸಮುದಾಯ ಮಾನಸಿಕ ಆರೋಗ್ಯದ ಪಾಠ ಓದ್ತಾ ಇದ್ದೆ. ಎಲ್ಲಾ ಕಡೆ ಲಂಡನ್ನು, ಶಿಕಾಗೋ. ಇದ್ದಕ್ಕಿದ್ದ ಹಾಗೆ "ಬಳ್ಳಾರಿ ಮಾದರಿ" ಅಂತ ಬಂತು. ನಮ್ಮ ಬಳ್ಳಾರಿನೇ!

ಕಥೆ ಹೀಗಿದೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು 1982ರಲ್ಲಿ. ಕಾಗದದ ಮೇಲೆ ಚೆನ್ನಾಗಿತ್ತು. ಆದ್ರೆ ಒಂದು ಇಡೀ ಜಿಲ್ಲೆಯಲ್ಲಿ, ಮನೋವೈದ್ಯರೇ ಇಲ್ಲದ ಹಳ್ಳಿಗಳಲ್ಲಿ, ಇದನ್ನ ಮಾಡಿ ತೋರಿಸೋದು ಹೆಂಗೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದಕ್ಕೆ ಆರಿಸಿಕೊಂಡಿದ್ದು ಬಳ್ಳಾರಿ ಜಿಲ್ಲೆಯನ್ನ. 1985ರಿಂದ 1990ರವರೆಗೆ ಇಲ್ಲಿ ಆ ಪ್ರಯೋಗ ನಡೀತು. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ವಿಜಯನಗರ ಜಿಲ್ಲೆ ಬೇರೆಯಾಗಿದ್ದು 2021ರಲ್ಲಿ.

ಏನು ಮಾಡಿದ್ರು? ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ, ಹಳ್ಳಿ ಹಳ್ಳಿ ಓಡಾಡೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ರು. ಅಗತ್ಯದ ಮಾತ್ರೆಗಳು ಹತ್ತಿರದ ಕೇಂದ್ರದಲ್ಲೇ ಸಿಗೋ ಹಾಗೆ ಮಾಡಿದ್ರು. ಸುಲಭವಾಗಿ ಬರೆದಿಡಬಹುದಾದ ದಾಖಲೆ ಪದ್ಧತಿ ತಂದ್ರು. ಮೇಲಿಂದ ಜಿಲ್ಲಾ ತಂಡ ಉಸ್ತುವಾರಿ ನೋಡ್ತಿತ್ತು. ಇಲ್ಲಿ ಕಲಿತ ಪಾಠದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನ ಮೊದಲು ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿತು. ಆಮೇಲೆ ಅದು ದೇಶದ ತುಂಬ ಹರಡಿತು. ಇವತ್ತು ಡಿಎಂಎಚ್‌ಪಿ ಅಂತ ಜಿಲ್ಲಾಸ್ಪತ್ರೆಯಲ್ಲಿ ಬೋರ್ಡ್ ನೋಡ್ತೀರಲ್ಲ, ಅದರ ಬೇರು ನಮ್ಮ ನೆಲದಲ್ಲಿದೆ. ಆ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ನರ್ಸ್ ಜೊತೆಗೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗೂ ಒಂದು ಜಾಗ ಇದೆ.

ಇದನ್ನ ನಾನು ಮನೇಲಿ ಹೇಳಿದಾಗ ನಮ್ಮಜ್ಜಿ, "ಹೌದು, ಆವಾಗ ಒಬ್ಬರು ನರ್ಸಮ್ಮ ಬಂದು ಮೂರ್ಛೆ ರೋಗ ಯಾರಿಗೈತಿ ಅಂತ ಕೇಳಿ ಬರಕೊಂಡು ಹೋಗತಿದ್ಲು" ಅಂದ್ರು. ಅದು ಇದೇ ಕಾರ್ಯಕ್ರಮವಾ, ಬೇರೆಯದಾ, ಅಜ್ಜಿಗೆ ಗೊತ್ತಿಲ್ಲ. ಆದ್ರೆ ನಲವತ್ತು ವರ್ಷ ಆದ್ರೂ ನೆನಪಿರೋದು ಮನೆ ಬಾಗಿಲಿಗೆ ಬಂದು ಕೇಳಿದ ಆ ಒಬ್ಬರು.

ಎಲ್ಲಿಂದ ಬಂತು ಈ ಓದು?

ಚಿಕ್ಕದಾಗಿ ಹೇಳಿಬಿಡ್ತೀನಿ. 1917ರಲ್ಲಿ ಅಮೆರಿಕದ ಮೇರಿ ರಿಚ್ಮಂಡ್ ಅನ್ನೋರು "ಸೋಷಿಯಲ್ ಡಯಾಗ್ನೋಸಿಸ್" ಅನ್ನೋ ಪುಸ್ತಕ ಬರೆದ್ರು. ಡಾಕ್ಟರ್ ರೋಗ ಪತ್ತೆ ಮಾಡೋ ಹಾಗೆ, ವ್ಯಕ್ತಿಯ ಮನೆ, ಕೆಲಸ, ಸಂಬಂಧಗಳ ಪರಿಸ್ಥಿತಿಯನ್ನೂ ಶಿಸ್ತಿನಿಂದ ಪತ್ತೆ ಮಾಡಬಹುದು ಅನ್ನೋದು ಅದರ ತಿರುಳು. ಮರುವರ್ಷ, 1918ರಲ್ಲಿ, ಮೊದಲ ಮಹಾಯುದ್ಧದಿಂದ ಮನಸ್ಸು ಜರ್ಜರಿತವಾಗಿ ಬಂದ ಸೈನಿಕರನ್ನ ನೋಡಿಕೊಳ್ಳೋಕೆ ಜನ ಬೇಕು ಅಂತ ಅಲ್ಲಿನ ಸ್ಮಿತ್ ಕಾಲೇಜಿನಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ತರಬೇತಿ ಶುರುವಾಯ್ತು. ನಮ್ಮಲ್ಲಿ 1936ರಲ್ಲಿ ಬಾಂಬೆಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯ್ತು. ಅದೇ ಈಗಿನ ಟಿಸ್. ಈಗ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಸೇರಿ ಕರ್ನಾಟಕದ ಹಲವು ಕಡೆ ಎಂಎಸ್‌ಡಬ್ಲ್ಯೂ ಇದೆ.

ಎಲ್ಲಾ ಕಡೆ ಒಂದು ವಿಷಯ ಸಮಾನ: ಕ್ಲಾಸ್‌ರೂಮಿನಷ್ಟೇ ಮುಖ್ಯ ಫೀಲ್ಡ್‌ವರ್ಕ್. ಅಮೆರಿಕದಲ್ಲಿ ಎಂಎಸ್‌ಡಬ್ಲ್ಯೂ ಪದವಿಗೆ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಕಡ್ಡಾಯ. ಅಲ್ಲಿ ಸ್ವತಂತ್ರವಾಗಿ ಕ್ಲಿನಿಕಲ್ ಕೆಲಸ ಮಾಡೋಕೆ ಪದವಿ ಆದ್ಮೇಲೂ ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿ ಲೈಸೆನ್ಸ್ ತಗೋಬೇಕು. ನಮ್ಮಲ್ಲಿ ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ ಫೀಲ್ಡ್‌ವರ್ಕ್, ಜೊತೆಗೆ ಒಂದು ಗ್ರಾಮೀಣ ಶಿಬಿರ, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್.

ಫೀಲ್ಡ್‌ವರ್ಕ್‌ನಲ್ಲಿ ನಮಗೆ ಬೇಜಾರು ಬರೋ ಕೆಲಸ ಒಂದಿತ್ತು. ಪ್ರೋಸೆಸ್ ರೆಕಾರ್ಡಿಂಗ್. ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿದ್ರೆ ಅದನ್ನ ಪೂರ್ತಿ ಬರೀಬೇಕು. ಅವರು ಏನಂದ್ರು, ನಾನು ಏನಂದೆ, ಆ ಹೊತ್ತಲ್ಲಿ ನನ್ನ ಮನಸ್ಸಲ್ಲಿ ಏನಿತ್ತು. ಅದನ್ನ ಸೂಪರ್‌ವೈಸರ್ ಓದಿ, ಮುಂದೆ ಕೂರಿಸಿಕೊಂಡು ಸಾಲು ಸಾಲು ಕೇಳ್ತಾರೆ. "ಇಲ್ಲಿ ಯಾಕೆ ಮಾತು ಬದಲಿಸಿದೆ? ಅವರು ಅಳೋಕೆ ಶುರು ಮಾಡಿದಾಗ ನಿನಗೆ ಭಯ ಆಯ್ತಾ?" ಆವಾಗ ಕೋಪ ಬರ್ತಿತ್ತು. ಅರ್ಧ ಜನ ಸೀನಿಯರ್ಸ್ ಫೈಲ್ ನೋಡಿ ಕಾಪಿ ಹೊಡೀತಿದ್ರು. ನಾನೂ ಒಂದೆರಡು ಸಲ ಹೊಡೆದಿದ್ದೀನಿ.

ಪುಸ್ತಕದ ಭಾಷೆ, ಊರಿನ ಭಾಷೆ

ನಮ್ಮ ಪುಸ್ತಕ ಎಲ್ಲಾ ಇಂಗ್ಲಿಷ್. ರೋಗಿಗೆ ಕೇಳಬೇಕಾದ ಪ್ರಶ್ನೆಪಟ್ಟಿನೂ ಇಂಗ್ಲಿಷ್. ಅದರ ಅನುವಾದ ಗ್ರಂಥದ ಕನ್ನಡ. "ತಾವು ಇತ್ತೀಚೆಗೆ ಖಿನ್ನತೆಯನ್ನು ಅನುಭವಿಸುತ್ತಿದ್ದೀರಾ?" ಅಂತ ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡೋ ಕಂಪ್ಲಿ ಕಡೆ ಅಮ್ಮನಿಗೆ ಕೇಳಿದ್ರೆ ಅವರು "ಇಲ್ಲಪ್ಪಾ" ಅಂದು ಸುಮ್ಮನಾಗ್ತಾರೆ. ಫಾರಂನಲ್ಲಿ ನಾವು "ಇಲ್ಲ" ಅಂತ ಟಿಕ್ ಹಾಕ್ತೀವಿ.

ಅವರೇ ಐದು ನಿಮಿಷ ಮುಂಚೆ "ಎದಿ ಝಲ್ ಅಂತೈತಿ, ಕೈಕಾಲಾಗ ಶಕ್ತಿನೇ ಇಲ್ಲ, ಉಂಡದ್ದು ರುಚಿ ಹತ್ತವಲ್ದು, ಯಾರ ಕೂಡ ಮಾತು ಬ್ಯಾಡ ಅನಸ್ತೈತಿ" ಅಂತ ಹೇಳಿರ್ತಾರೆ. ಇಡೀ ಖಿನ್ನತೆ ಅದರಲ್ಲೇ ಇದೆ. ಇನ್ನು ಕೆಲವರು "ಗಾಳಿ ಸೋಕೈತಿ" ಅಂತಾರೆ. ತಾಂಡಾದಿಂದ ಬಂದವರು ಲಂಬಾಣಿಯಲ್ಲಿ ಹೇಳ್ತಾರೆ. ಬಳ್ಳಾರಿ ಕಡೆಯವರ ಮಾತಲ್ಲಿ ತೆಲುಗು ಬೆರೆತಿರ್ತದೆ. ಕಾರ್ಖಾನೆ ಸುತ್ತ ಇರೋ ರೂಮುಗಳಲ್ಲಿ ಹಿಂದಿ ಮಾತಾಡೋ ಹುಡುಗರು ಬೇರೆ. ಇದನ್ನೆಲ್ಲ ಕೇಳಿ ಅರ್ಥ ಮಾಡ್ಕೊಳ್ಳೋ ಕಿವಿ ಹಳ್ಳಿ ಮಕ್ಕಳಾದ ನಮಗೆ ಮೊದಲೇ ಇದೆ. ಇಂಗ್ಲಿಷ್ ಬರಲ್ಲ ಅಂತ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತವರು ಫೀಲ್ಡಿಗೆ ಬಂದಾಗ ಮುಂದಿರ್ತಾರೆ. ಇದನ್ನ ನಾನು ಸಮಾಧಾನಕ್ಕೆ ಹೇಳ್ತಿಲ್ಲ, ನೋಡಿದ್ದೀನಿ.

ಒಂದು ಪ್ರಶ್ನೆ ಮಾತ್ರ ಎಲ್ಲಾ ಭಾಷೆಯಲ್ಲೂ ಕಷ್ಟ. "ಸಾಯಬೇಕು ಅಂತ ಅನಿಸ್ತದಾ?" ಮೊದಲ ಸಲ ಕೇಳೋವಾಗ ನನ್ನ ಗಂಟಲು ಒಣಗಿತ್ತು. ಕೇಳಿದ್ರೆ ನಾವೇ ತಲೆಗೆ ತುಂಬಿದ ಹಾಗೆ ಆಗ್ತದೆ ಅಂತ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ನೇರವಾಗಿ, ಮೆತ್ತಗೆ ಕೇಳಿದ್ರೆ ಎಷ್ಟೋ ಜನಕ್ಕೆ ಎದೆ ಮೇಲಿನ ಕಲ್ಲು ಇಳಿದ ಹಾಗಾಗ್ತದೆ. ಇನ್ನೊಂದು ವಿಷಯ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹೇಳ್ತದೆ. ಪೊಲೀಸ್ ಕೇಸ್ ಆಗ್ತದೆ ಅನ್ನೋ ಹೆದರಿಕೆಯಿಂದ ಆಸ್ಪತ್ರೆಗೆ ಕರ್ಕೊಂಡು ಬರದೆ ಇರಬೇಡಿ.

ನನ್ನ ತಪ್ಪು

ಈಗ ಆ ಕಥೆ. ಊರು ಬದಲಿಸಿದ್ದೀನಿ, ವಯಸ್ಸು ಬದಲಿಸಿದ್ದೀನಿ, ಮನೆಯ ವಿವರ ಬದಲಿಸಿದ್ದೀನಿ. ನನ್ನ ತಪ್ಪು ಮಾತ್ರ ಇದ್ದ ಹಾಗೇ ಇದೆ.

ಎರಡನೇ ವರ್ಷ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಫೀಲ್ಡ್‌ವರ್ಕ್. ಒಬ್ಬ ಅಕ್ಕ ಬರ್ತಿದ್ರು. ಖಿನ್ನತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಾತ್ರೆಯನ್ನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯೊಳಗೆ ಇಡ್ತಿದ್ರು. ಆಸ್ಪತ್ರೆಗೆ ಬರೋ ದಿನ "ಸಂಘದ ಮೀಟಿಂಗ್ ಐತಿ" ಅಂತ ಹೇಳಿ ಬರ್ತಿದ್ರು. ಮೂರನೇ ಸಲ ಬಂದಾಗ ಮುಖದಲ್ಲಿ ಸ್ವಲ್ಪ ಗೆಲುವು ಇತ್ತು. ನನ್ನನ್ನ "ತಮ್ಮಾ" ಅಂತ ಕರೆದು ಮಾತಾಡಿಸಿದ್ರು. ನನಗೆ ಎಷ್ಟು ಖುಷಿ ಅಂದ್ರೆ, ನಾನು ಕಲಿತಿದ್ದು ಕೆಲಸ ಮಾಡ್ತಿದೆ ಅಂತ ಹಾಸ್ಟೆಲ್‌ನಲ್ಲಿ ಎಲ್ಲರ ಮುಂದೆ ಹೇಳ್ಕೊಂಡಿದ್ದೆ.

ಮುಂದಿನ ವಾರ ಅವರು ಬಸ್ ಸ್ಟಾಪ್‌ನಲ್ಲಿ ಕಂಡ್ರು. ಪಕ್ಕದಲ್ಲಿ ಇಬ್ಬರು ಹೆಂಗಸರಿದ್ರು. ನಾನು ಹಿಂದೆಮುಂದೆ ನೋಡದೆ ಹತ್ತಿರ ಹೋಗಿ, "ಅಕ್ಕಾ, ಮಾತ್ರಿ ಬಿಡಬ್ಯಾಡ್ರಿ, ಮಂಗಳವಾರ ತಪ್ಪದ ಬರ್ರಿ" ಅಂದೆ.

ಪಕ್ಕದಲ್ಲಿದ್ದವರು ಅವರ ನಾದಿನಿ. "ಯಾವ ಮಾತ್ರಿ? ಯಾರಿವರು?" ಅಂದ್ರು. ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಗೊತ್ತಿಲ್ಲ, ಬ್ಯಾರೆ ಯಾರನ್ನೋ ಅಂದ್ಕೊಂಡಾರ" ಅಂದ್ರು. ಬಸ್ ಬಂತು. ಹತ್ತಿ ಹೋದ್ರು.

ಮಂಗಳವಾರ ಬರಲಿಲ್ಲ. ಅದರ ಮುಂದಿನ ಮಂಗಳವಾರನೂ ಇಲ್ಲ.

ನಾನು ನನ್ನ ರೆಕಾರ್ಡಿಂಗ್‌ನಲ್ಲಿ ಏನು ಬರೆದಿದ್ದೆ ಗೊತ್ತಾ? "ಬಸ್ ನಿಲ್ದಾಣದಲ್ಲಿ ಭೇಟಿ, ಫಾಲೋ-ಅಪ್ ನೆನಪಿಸಲಾಯಿತು." ಒಂದೇ ಸಾಲು. ಸೂಪರ್‌ವೈಸರ್ ಮೇಡಂ ಆ ಸಾಲಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ರು. "ಜೊತೆಗೆ ಯಾರಿದ್ರು? ನೀನು ಏನಂದೆ, ಅದೇ ಮಾತಲ್ಲಿ ಬರಿ. ಅವರ ಮುಖ ಹೆಂಗಿತ್ತು, ಅದನ್ನೂ ಬರಿ" ಅಂದ್ರು. ಬರೆದೆ. ಎರಡು ಪುಟ ಆಯ್ತು. ಬರೀತಾ ಬರೀತಾ ನನಗೇ ಗೊತ್ತಾಯ್ತು.

ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬರ್ತೀನಿ ಮೇಡಂ ಅಂದೆ. ಅವರು ಬೈಲಿಲ್ಲ. "ಕ್ಷಮೆ ಕೇಳಿದ್ರೆ ಯಾರಿಗೆ ಹಗುರ ಆಗ್ತದೆ, ಆಕೆಗಾ, ನಿನಗಾ? ನೀನು ಆ ಮನೆ ಬಾಗಿಲಿಗೆ ಹೋದ್ರೆ ಆ ನಾದಿನಿ ಏನು ತಿಳ್ಕೋತಾಳೆ?" ಅಂದ್ರು. ನಾನು ಹೋಗಲಿಲ್ಲ. ಕಾಯೋದೇ ಆಗ ನನ್ನ ಕೆಲಸ ಆಗಿತ್ತು, ಮತ್ತು ಅದಕ್ಕಿಂತ ಕಷ್ಟದ ಕೆಲಸ ಆ ವರ್ಷ ಇನ್ನೊಂದು ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಅವರೇ ಒಂದು ದಿನ ಬಂದ್ರು, ತಮ್ಮ ಚೀಟಿಯ ಪ್ರತಿ ತಗೊಂಡು ಹೋಗೋಕೆ. ಚಿಕಿತ್ಸೆ ಬಿಟ್ಟಿರಲಿಲ್ಲ. ದೂರದ ಇನ್ನೊಂದು ಊರಿನ ಆಸ್ಪತ್ರೆಗೆ ಹೋಗೋಕೆ ಶುರು ಮಾಡಿದ್ರು, ಅಲ್ಲಿ ಪರಿಚಯದವರು ಯಾರೂ ಇಲ್ಲ ಅಂತ. ಹೋಗಿ ಬರೋಕೆ ಪೂರ್ತಿ ಒಂದು ದಿನ. ಒಂದು ದಿನದ ಕೂಲಿ ಹೋಗ್ತದೆ. ನಾನು ಅಲ್ಲೇ ನಿಂತು ತಪ್ಪಾಯ್ತು ಅಕ್ಕಾ ಅಂದೆ. "ನೀ ಕೆಟ್ಟವಲ್ಲ ತಮ್ಮಾ. ಆದ್ರ ಇಲ್ಲಿ ನನ್ನ ಗುರುತು ಹಿಡಿಯೋರು ಭಾಳ ಮಂದಿ" ಅಂದ್ರು. ಚೀಟಿ ಮಡಚಿ ಬ್ಲೌಸೊಳಗಿಟ್ಟುಕೊಂಡು ಹೋದ್ರು.

ಪ್ರತಿ ತಿಂಗಳು ಅವರು ಕಳ್ಕೊಳ್ಳೋ ಆ ಒಂದು ದಿನದ ಕೂಲಿ ನನ್ನ ಮಾತಿನ ಬೆಲೆ. ಇದನ್ನ ನಾನು ಮರೆತಿಲ್ಲ.

ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಗೋಪ್ಯತೆಯ ಹಕ್ಕು ಇದೆ. ಅದನ್ನ ಪರೀಕ್ಷೆಯಲ್ಲಿ ಬರೆದು ಒಳ್ಳೆ ಮಾರ್ಕ್ಸೂ ತಗೊಂಡಿದ್ದೆ. ಆದ್ರೆ ಪುಸ್ತಕ ಬರೆದವರು ದೊಡ್ಡ ಊರಿನವರು. ಅಲ್ಲಿ ರೋಗಿ ಕ್ಲಿನಿಕ್ ಬಿಟ್ಟು ಹೊರಗೆ ಸಿಗೋದೇ ಅಪರೂಪ. ನಮ್ಮಲ್ಲಿ ರೋಗಿ ಅಂದ್ರೆ ಅವ್ವನ ಗೆಳತಿ, ಸ್ಕೂಲಲ್ಲಿ ಜೊತೆಗೆ ಓದಿದವನ ಅಣ್ಣ, ಜಾತ್ರೆಯಲ್ಲಿ ಪಕ್ಕ ನಿಂತವರು. ಕಂಡ ಕೂಡಲೇ ಮಾತಾಡಿಸದೆ ಹೋದ್ರೆ "ಓದಿ ಸೊಕ್ಕು ಬಂದೈತಿ" ಅಂತಾರೆ. ಮಾತಾಡಿಸಿದ್ರೆ ಅವರ ಗುಟ್ಟು ಬಯಲಾಗ್ತದೆ.

ಆಮೇಲೆ ನಾನು ಒಂದು ಪದ್ಧತಿ ಇಟ್ಕೊಂಡೆ. ಮೊದಲ ದಿನವೇ ಹೇಳಿಬಿಡ್ತೀನಿ: "ನಾವಿಬ್ಬರೂ ಇದೇ ಸೀಮೆಯವರು. ಹೊರಗ ಸಿಕ್ಕಾಗ ನಾನಾಗಿ ಮಾತಾಡ್ಸಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಮಾತಾಡಿಸಿದ್ರ ಮಳಿ ಬೆಳಿ ಅಂತ ಮಾತಾಡೋಣ. ಇಲ್ಲಿನ ಮಾತು ಇಲ್ಲೇ." ಇದನ್ನ ಹೇಳಿದಾಗ ಎಷ್ಟೋ ಜನ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂರ್ತಾರೆ. ಯಾರಾದ್ರೂ ಬಂದು "ಅಕೀ ನಿಮ್ಮತ್ರ ಬರ್ತಾಳಂತಲ್ಲ?" ಅಂತ ಕೇಳಿದ್ರೆ, ಬರಲಿ ಬಿಡಲಿ, ನನ್ನ ಉತ್ತರ ಒಂದೇ: "ಯಾರ ಬಗ್ಗೆನೂ ನಾನು ಹೇಳಂಗಿಲ್ಲ ಕಾಕಾ, ನಾಳೆ ನೀವು ಬಂದ್ರೂ ಹೇಳಂಗಿಲ್ಲ."

ಈ ಓದಿಗೆ ಬರಬೇಕು ಅಂತಿರೋರಿಗೆ

ಕೆಲವರು ಮೆಸೇಜ್ ಮಾಡಿ ಕೇಳ್ತೀರ, ಅದಕ್ಕೆ ಇಲ್ಲೇ ಹೇಳ್ತೀನಿ.

ಎಂಎಸ್‌ಡಬ್ಲ್ಯೂ ಎರಡು ವರ್ಷ. ಸೇರೋ ಮುಂಚೆ ಕಾಲೇಜಿಗೆ ಮೂರು ಪ್ರಶ್ನೆ ಕೇಳಿ. ಮನೋವೈದ್ಯಕೀಯ ವಿಭಾಗದ ಪೇಪರ್‌ಗಳಿವೆಯಾ? ಫೀಲ್ಡ್‌ವರ್ಕ್‌ಗೆ ಯಾವ ಆಸ್ಪತ್ರೆಗೆ ಕಳಿಸ್ತೀರ? ನನ್ನ ರೆಕಾರ್ಡಿಂಗ್ ಓದಿ ಜೊತೆ ಕೂತು ಮಾತಾಡೋರು ಯಾರು? ಮೂರನೇ ಪ್ರಶ್ನೆಗೆ ಉತ್ತರ ಸಿಗದಿದ್ರೆ ಕಟ್ಟಡ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ.

ಎಂಎಸ್‌ಡಬ್ಲ್ಯೂ ಮುಗಿದ ತಕ್ಷಣ ಕಾನೂನಿನ ಲೆಕ್ಕದಲ್ಲಿ "ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್" ಆಗಲ್ಲ. 2018ರ ಮೇ 29ರಂದು ಜಾರಿಗೆ ಬಂದ ಆ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಜೊತೆಗೆ ಎರಡು ವರ್ಷದ ಪೂರ್ಣಾವಧಿಯ ಎಂಫಿಲ್ ಆಗಿರಬೇಕು, ಅದರಲ್ಲಿ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರಬೇಕು. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇಂಥ ಕಡೆ ಈ ತರಬೇತಿ ನಡೆದಿದೆ. ವಾರ್ಡ್, ಮಕ್ಕಳ ವಿಭಾಗ, ವ್ಯಸನ ಮುಕ್ತಿ, ಕುಟುಂಬ ಚಿಕಿತ್ಸೆ, ಸಮುದಾಯ, ಹೀಗೆ ಸುತ್ತಿಸಿ ಕಲಿಸ್ತಾರೆ.

ಇಲ್ಲೇ ಒಂದು ತೊಡಕು. ಹೊಸ ಶಿಕ್ಷಣ ನೀತಿ ಬಂದ ಮೇಲೆ ಯುಜಿಸಿ ಎಂಫಿಲ್ ಅನ್ನೋ ಪದವಿಯನ್ನೇ ನಿಲ್ಲಿಸಿತು. ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ನೇ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಕಾಯ್ದೆ ಕೇಳೋದು ಎಂಫಿಲ್, ಯುಜಿಸಿ ನಿಲ್ಲಿಸ್ತಿರೋದೂ ಎಂಫಿಲ್. ನಡುವೆ ಸಿಕ್ಕಿಕೊಂಡಿರೋದು ನಮ್ಮಂಥ ಹುಡುಗ ಹುಡುಗಿಯರು. ಇದರ ಜೊತೆಗೆ 2021ರ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ಕ್ಲಿನಿಕಲ್ ಸೋಷಿಯಲ್ ವರ್ಕರ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಮೆಡಿಕಲ್ ಸೋಷಿಯಲ್ ವರ್ಕರ್ ಮೂವರನ್ನೂ ಹೆಸರಿಸಿದೆ. ಅದು ಒಳ್ಳೆ ಬೆಳವಣಿಗೆ. ಅರ್ಜಿ ಹಾಕೋ ಮುಂಚೆ ಆಯಾ ಸಂಸ್ಥೆಯ ಈ ವರ್ಷದ ಅಧಿಸೂಚನೆಯನ್ನ ನೀವೇ ಓದಿ. ಯಾರೋ ವಾಟ್ಸ್ಆ್ಯಪ್‌ನಲ್ಲಿ ಹೇಳಿದ್ರು ಅಂತ ದುಡ್ಡು ಕಟ್ಟಬೇಡಿ.

ಕೆಲಸ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಮೆಡಿಕಲ್ ಕಾಲೇಜು ಆಸ್ಪತ್ರೆ, ವ್ಯಸನ ಮುಕ್ತಿ ಕೇಂದ್ರ, ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ, ಸಂಘ ಸಂಸ್ಥೆಗಳು. ಸುಳ್ಳು ಹೇಳಲ್ಲ, ಇದರಲ್ಲಿ ಎಷ್ಟೋ ಹುದ್ದೆ ಗುತ್ತಿಗೆಯವು. ಕಾರ್ಖಾನೆ ಎಚ್‌ಆರ್‌ಗೆ ಹೋದ ನನ್ನ ಗೆಳೆಯರು ನನಗಿಂತ ಮುಂಚೆ ಬೈಕ್ ತಗೊಂಡ್ರು, ಮನೆ ಕಟ್ಟಿಸಿದ್ರು. ಅವರದ್ದೂ ಒಳ್ಳೆ ಕೆಲಸವೇ. ಮನೆಯ ಪರಿಸ್ಥಿತಿ ನೋಡ್ಕೊಂಡು ತೀರ್ಮಾನ ಮಾಡಿ. ಆದ್ರೆ ಬೇಡಿಕೆ ಇಲ್ಲ ಅಂತ ಮಾತ್ರ ಅನ್ನಬೇಡಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನಕ್ಕೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಯ ಮೇಲೆ ಹೋಗಿ, ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರು ಜನ ಇರೋ ಮದುವೆ ಪಂಕ್ತಿಯಲ್ಲಿ ಹತ್ತು ಜನ ಅಂದ್ಕೊಳ್ಳಿ. ಆ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಜನ ಯಾರಿಗೂ ಹೇಳದೆ ಊಟ ಮಾಡ್ತಿದ್ದಾರೆ.

ಹೋದ ವರ್ಷ ಆ ಚಾದಂಗಡಿ ಕಾಕಾ ಮತ್ತೆ ಸಿಕ್ಕಿದ್ರು. ಗೇಟ್ ಪಾಸಿನ ಮಾತು ಎತ್ತಲಿಲ್ಲ. ಚಾ ಕುಡಿದು, ದುಡ್ಡು ಕೊಟ್ಟು, ನಾಲ್ಕು ಹೆಜ್ಜೆ ನನ್ನ ಜೊತೆ ನಡೆದು ಬಂದ್ರು. ಆಮೇಲೆ ಸುತ್ತ ನೋಡಿ ಒಂದು ಮಾತು ಕೇಳಿದ್ರು. ಏನು ಕೇಳಿದ್ರು ಅಂತ ನಾನು ನಿಮಗೆ ಹೇಳಂಗಿಲ್ಲ.

ನಿಮಗೋ, ನಿಮ್ಮ ಮನೆಯವರಿಗೋ, ರೂಮ್‌ಮೇಟ್‌ಗೋ ಯಾರ ಜೊತೆಗಾದ್ರೂ ಮಾತಾಡಬೇಕು ಅನಿಸಿದ್ರೆ ಟೆಲಿ ಮಾನಸ್ ನಂಬರ್ ಬರಕೊಳ್ಳಿ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೈಟ್ ಶಿಫ್ಟ್‌ನವರಿಗೂ ಸರಿಹೋಗ್ತದೆ.